ಬೀಳಗಿಯ ಅಕ್ಕ ತಂಗಿ ಹಾಡಲು ಕಲಿತದ್ದು

ಅಮೀರ್‌ಬಾಯಿ ಕರ್ನಾಟಕಿ ಎಂಬ ಹೆಸರನ್ನು ನಮ್ಮ ಮನೆಗಳ ಹಿರಿಯರು ಕೇಳಿಯೇ ಇರುತ್ತಾರೆ. ರೇಡಿಯೋದಲ್ಲಿ ಹಳೆಯ ಹಿಂದಿ ಹಾಡು ಬಂದಾಗ ‘ಇದು ನಮ್ಮ ಬಿಜಾಪುರ ಕಡೆಯ ಹೆಣ್ಣುಮಗಳ ಧ್ವನಿ’ ಎಂದು ಹೇಳುವ ಅಜ್ಜಂದಿರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಒಂದು ಕಾಲಕ್ಕೆ ಬಹಳ ಮಂದಿ ಇದ್ದರು. ಆಕೆಯ ಅಕ್ಕ ಗೋಹರಬಾಯಿಯ ಹೆಸರು ಮಾತ್ರ ನಮ್ಮಲ್ಲಿ ಅಷ್ಟಾಗಿ ಉಳಿಯಲಿಲ್ಲ. ಮಹಾರಾಷ್ಟ್ರದಲ್ಲಿ ಉಳಿಯಿತು, ಅದೂ ಒಳ್ಳೆಯ ಮಾತಿನ ಜೊತೆಗಲ್ಲ. ಈ ಇಬ್ಬರೂ ಮುಸ್ಲಿಂ ಹೆಣ್ಣುಮಕ್ಕಳು. ಹಿಂದಿನ ಅವಿಭಜಿತ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದವರು. 1997ರಲ್ಲಿ ಜಿಲ್ಲೆ ಒಡೆದಾಗ ಬೀಳಗಿ ಬಾಗಲಕೋಟೆಗೆ ಸೇರಿತು. 2014ರಲ್ಲಿ ಬಿಜಾಪುರ ವಿಜಯಪುರವಾಯಿತು. ಹೆಸರು, ಗಡಿ ಏನೇ ಬದಲಾದರೂ ಈ ಅಕ್ಕ ತಂಗಿಯರ ನುಡಿ, ಅನ್ನ, ಗಾಳಿ ನಮ್ಮದೇ.

ಅವರು ಹಾಡಿದ ಸಿನಿಮಾಗಳ ಪಟ್ಟಿ ಬೇಕಾದವರಿಗೆ ಸುಲಭವಾಗಿ ಸಿಗುತ್ತದೆ. ನನಗೆ ಕುತೂಹಲವಿರುವುದು ಬೇರೆ ಸಂಗತಿಯಲ್ಲಿ. ನೂರು ವರ್ಷದ ಹಿಂದೆ, ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಬಯಲು ಸೀಮೆಯಲ್ಲಿ, ಒಂದು ಮುಸ್ಲಿಂ ಮನೆಯ ಹುಡುಗಿಯರು ಸಾವಿರ ಜನರ ಮುಂದೆ ನಿಂತು ಹಾಡಲು ಎಲ್ಲಿ, ಹೇಗೆ ಕಲಿತರು? ಕಲಿತದ್ದಕ್ಕೆ ಏನು ಬೆಲೆ ತೆತ್ತರು?

ನಮ್ಮ ಸೀಮೆಯ ಹಾಡು

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಹಾಡು ನಮ್ಮ ಮನೆಗಳಿಗೆ ಸಿನಿಮಾದಿಂದ ಬಂದದ್ದೆಂದು ಅನೇಕ ತಾಯಂದಿರು ಭಾವಿಸಿದ್ದಾರೆ. ಹಾಗಲ್ಲ. ಬಿಜಾಪುರದ ಸೂಫಿ ಪರಂಪರೆಯಲ್ಲಿ ‘ಚಕ್ಕಿನಾಮಾ’ ಎಂಬ ಹಾಡುಗಳೇ ಇದ್ದವು. ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ಜೋಳ ಬೀಸುವಾಗ ಹಾಡಿಕೊಳ್ಳಲೆಂದು ದಖ್ಖನಿ ಭಾಷೆಯಲ್ಲಿ ಕಟ್ಟಿದ ಪದಗಳವು. ಬೀಸುಕಲ್ಲಿನ ನೆಟ್ಟಗಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ, ಅಲ್ಲಿಂದ ಅಲ್ಲಾಹನ ಹೆಸರಿಗೆ ಮನಸ್ಸನ್ನು ಒಯ್ಯುವ ಕ್ರಮ ಅದರಲ್ಲಿತ್ತು. ನೂಲುವಾಗ ಹಾಡುವ ‘ಚರ್ಖಾನಾಮಾ’ಗಳೂ ಇದ್ದವು. ಅಕ್ಷರ ಬಾರದ ಹೆಣ್ಣುಮಕ್ಕಳಿಗೆ ದೀನಿನ ಮೊದಲ ಪಾಠ ಸಿಕ್ಕಿದ್ದು ಅನೇಕ ಕಡೆ ಬೀಸುಕಲ್ಲಿನ ಮುಂದೆಯೇ. ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಹಾಡೂ ಹೋಯಿತು. ಗಿರಣಿ ಬಂದದ್ದರಿಂದ ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ಸಿಕ್ಕಿತು, ಅದಕ್ಕಾಗಿ ಯಾರೂ ಮರುಗಬೇಕಿಲ್ಲ.

ಇಂಡಿ ಕಡೆಯ ಹಲಸಂಗಿಯನ್ನು ನೋಡಿ. ಈಗ ಅದು ಚಡಚಣ ತಾಲೂಕಿನಲ್ಲಿದೆ. ಅಲ್ಲಿಯ ಖಾಜಾಭಾಯಿ ಕನ್ನಡದಲ್ಲಿ ಲಾವಣಿ ಕಟ್ಟಿದ ಹೆಸರಾಂತ ಕವಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮತ್ತು ಪಿ. ಧೂಲಾಸಾಹೇಬರು ಸೇರಿದ ‘ಹಲಸಂಗಿ ಗೆಳೆಯರು’ ಬೀಸುವ, ಕುಟ್ಟುವ, ತೊಟ್ಟಿಲು ತೂಗುವ ಹಾಡುಗಳನ್ನು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಗಿ ಹೊರಬಂತು. ಕನ್ನಡ ಜಾನಪದದ ಮೊದಲ ದೊಡ್ಡ ಸಂಗ್ರಹಗಳಲ್ಲಿ ಅದೂ ಒಂದು. ಆ ಗೆಳೆಯರ ಬಳಗದಲ್ಲಿ ಒಬ್ಬ ಸಾಹೇಬರು ಇದ್ದರೆಂಬುದು ನಮ್ಮ ಮಕ್ಕಳ ಪಠ್ಯದಲ್ಲಿ ಎಷ್ಟು ಕಡೆ ಕಾಣುತ್ತದೆ?

ಇನ್ನು ಮೊಹರಂ. ನಮ್ಮ ಸೀಮೆಯಲ್ಲಿ ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಕೂಡ ಅಲಾಯಿ ಕೂಡುತ್ತದೆ. ಇಮಾಮ್ ಹಸನ್ ಹುಸೈನ್‌ರ(ರ) ಕಥೆಯನ್ನು ‘ರಿವಾಯತ್ ಪದ’ಗಳಾಗಿ ಕನ್ನಡದಲ್ಲಿ ಹಾಡುತ್ತಾರೆ, ಹೆಜ್ಜೆ ಹಾಕುತ್ತಾರೆ. ಅಲಾಯಿ ಕುಣಿತ, ಪಂಜೆಗೆ ಹರಕೆ ಹೊರುವುದು ಇವುಗಳ ಬಗ್ಗೆ ಮದ್ರಸಾದಲ್ಲಿ ಕಲಿತವಳಾಗಿ ನನಗೆ ಸ್ಪಷ್ಟ ಭಿನ್ನಾಭಿಪ್ರಾಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಕರ್ಬಲಾದ ನೋವು ಕನ್ನಡ ನುಡಿಯಲ್ಲಿ ರೈತರ ಕೊರಳಿಗೆ ಇಳಿದದ್ದು ಆ ಪದಗಳಿಂದಲೇ ಎಂಬುದೂ ಸತ್ಯ. ಎತ್ತರದ ದನಿಯಲ್ಲಿ, ಮೈಕಿಲ್ಲದೆ, ಊರಾಚೆಗೂ ಕೇಳುವಂತೆ ಹಾಡುವ ರೂಢಿ ಈ ನೆಲಕ್ಕೆ ಹೊಸದಲ್ಲ. ಆದಿಲ್‌ಶಾಹಿ ಸುಲ್ತಾನ ಎರಡನೆಯ ಇಬ್ರಾಹೀಂ (1580–1627) ‘ಕಿತಾಬೆ ನವ್‌ರಸ್’ ಎಂಬ ಹಾಡುಗಳ ಪುಸ್ತಕವನ್ನೇ ಬರೆದ ನಾಡು ಇದು.

ಕಂಪನಿ ಮನೆಯ ಮಕ್ಕಳು

ಇಂತಹ ನೆಲದಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೀಳಗಿಯ ಹುಸೇನಸಾಬ್ ಮತ್ತು ಅಮೀನಾಬಿ ದಂಪತಿಗೆ ಐವರು ಹೆಣ್ಣುಮಕ್ಕಳು. ತಂದೆ ತಬಲಾ ನುಡಿಸುವವರು, ತಾಯಿ ಹಾಡುವವರು. ಮನೆಯ ನಂಟು ನಾಟಕದ ಕಂಪನಿಯೊಂದಿಗೆ. ಹಿರಿಯವಳು ಗೋಹರ, ಅವಳ ಬೆನ್ನಿಗೆ ಬಂದ ತಂಗಿಯರಲ್ಲಿ ಒಬ್ಬಳು ಅಮೀರ. ಡಾ. ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಜೀವನ ಚರಿತ್ರೆಯನ್ನು ಕನ್ನಡದಲ್ಲಿ ಬರೆದಿದ್ದಾರೆ. ಅಷ್ಟು ಶ್ರಮ ವಹಿಸಿ ಒಬ್ಬರು ಬರೆಯದಿದ್ದರೆ ಈ ಕುಟುಂಬದ ಕಥೆಯ ಬಹುಪಾಲು ಮಣ್ಣು ಸೇರುತ್ತಿತ್ತು.

ಕಂಪನಿ ನಾಟಕವೆಂದರೇನು ಎಂಬುದು ಇಂದಿನ ಹುಡುಗಿಯರಿಗೆ ತಿಳಿದಿರಲಿಕ್ಕಿಲ್ಲ. ಉತ್ತರ ಕರ್ನಾಟಕದಲ್ಲಿ 1870ರ ದಶಕದಲ್ಲಿ ಗದಗಿನ ಶಾಂತಕವಿಗಳಿಂದ ಶುರುವಾದ ಈ ಕನ್ನಡ ನಾಟಕದ ಮಂಡಳಿಗಳು ಮುಂದಿನ ಐವತ್ತು ವರ್ಷಗಳಲ್ಲಿ ಊರೂರು ಸುತ್ತತೊಡಗಿದವು. ಅದಕ್ಕೆ ಮೊದಲು ನಮ್ಮ ಕಡೆ ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತಗಳಿದ್ದವು. ಇತ್ತ ಸಾಂಗ್ಲಿ, ಪುಣೆ, ಕೊಲ್ಹಾಪುರ ಕಡೆಯಿಂದ ಮರಾಠಿ ಸಂಗೀತ ನಾಟಕದ ದೊಡ್ಡ ಕಂಪನಿಗಳು ಬರುತ್ತಿದ್ದವು. ಆಗ ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. 1956ರವರೆಗೂ ಹಾಗೆಯೇ ಇತ್ತು. ಹೀಗಾಗಿ ಮರಾಠಿ ನಮ್ಮವರಿಗೆ ಪರಕೀಯವಾಗಿರಲಿಲ್ಲ. 1884ರಲ್ಲಿ ಹೋಟಗಿಯಿಂದ ಬಿಜಾಪುರದ ಮೇಲೆ ಗದಗಿನವರೆಗೆ ರೈಲು ಹಳಿ ಬಿದ್ದಿತ್ತು. ಕಂಪನಿಯವರು ಪರದೆ, ಸೀನರಿ, ಕಿರೀಟದ ಪೆಟ್ಟಿಗೆ, ಅಡುಗೆಯ ಪಾತ್ರೆ ಎಲ್ಲವನ್ನೂ ರೈಲಿಗೆ ಹೇರಿ, ಇಳಿದ ಕಡೆ ಚಕ್ಕಡಿಗೆ ಹೇರಿ ಊರು ಸೇರುತ್ತಿದ್ದರು. ಇಂಡಿಗೂ ಬಾಗೇವಾಡಿಗೂ ‘ರೋಡ್’ ಹೆಸರಿನ ನಿಲ್ದಾಣವಿದೆ, ಅಂದರೆ ನಿಲ್ದಾಣ ಒಂದು ಕಡೆ, ಊರು ಇನ್ನೊಂದು ಕಡೆ. ಸಿಂದಗಿ, ಮುದ್ದೇಬಿಹಾಳಕ್ಕಂತೂ ಚಕ್ಕಡಿಯೇ ಗತಿ. ಜಾತ್ರೆ ಇದ್ದಲ್ಲಿ, ಸಂತೆ ಕೂಡುವಲ್ಲಿ ತಗಡಿನ ಥಿಯೇಟರು ಹಾಕಿ ಕ್ಯಾಂಪ್ ಮಾಡುವುದು, ಜನ ಕಡಿಮೆಯಾದರೆ ಎತ್ತಂಗಡಿ ಮಾಡುವುದು, ಇದು ಅವರ ಬದುಕು.

ಇಂತಹ ಕಂಪನಿಯೇ ಒಂದು ಶಾಲೆ. ಪುಸ್ತಕವಿಲ್ಲದ ಶಾಲೆ. ಬೆಳಗಾದರೆ ಪೆಟ್ಟಿಗೆ ಮಾಸ್ತರರು, ಅಂದರೆ ಹಾರ್ಮೋನಿಯಂ ಬಾರಿಸುವವರು, ಶ್ರುತಿ ಹಿಡಿದು ಕೂರುತ್ತಾರೆ. ಪಾತ್ರಧಾರಿಗಳು ತಮ್ಮ ತಮ್ಮ ಹಾಡನ್ನು ಮತ್ತೆ ಮತ್ತೆ ಹೇಳಬೇಕು. ಸುತ್ತ ಆಡಿಕೊಂಡಿರುವ ಮಕ್ಕಳ ಕಿವಿಗೆ ಅದೆಲ್ಲ ಬೀಳುತ್ತಿರುತ್ತದೆ. ತಾಯಿ ಅಡುಗೆ ಮಾಡುತ್ತ ಗುನುಗುತ್ತಾಳೆ, ತಂದೆ ತೊಡೆಯ ಮೇಲೆ ತಾಳ ಹಾಕುತ್ತಾನೆ. ಕೂರಿಸಿ ಕಲಿಸುವ ಮೊದಲೇ ಮಗುವಿಗೆ ಲಯ ಬಂದಿರುತ್ತದೆ. ಹಿಂದೂಸ್ತಾನಿ ಸಂಗೀತದ ದೊಡ್ಡ ಹೆಸರಾದ ಮಲ್ಲಿಕಾರ್ಜುನ ಮನಸೂರರೂ (1910–1992) ಬಾಲ್ಯದಲ್ಲಿ ಅಣ್ಣನ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವರೇ. ಅಲ್ಲಿ ಅವರ ಹಾಡು ಕೇಳಿ ಮಿರಜಿನ ನೀಲಕಂಠಬುವಾ ಅವರನ್ನು ಶಿಷ್ಯನನ್ನಾಗಿ ತೆಗೆದುಕೊಂಡರು. ಗಂಡು ಹುಡುಗನಿಗೆ ಕಂಪನಿಯಿಂದ ಗುರುವಿನ ಮನೆಗೆ, ಅಲ್ಲಿಂದ ಕಛೇರಿಗೆ, ಅಲ್ಲಿಂದ ಪ್ರಶಸ್ತಿಗೆ ಒಂದು ದಾರಿ ಇತ್ತು. ಹೆಣ್ಣು ಹುಡುಗಿಗೆ ಆ ದಾರಿಯಲ್ಲಿ ಮುಳ್ಳುಗಳೇ ಹೆಚ್ಚು.

ಆ ಕಾಲದಲ್ಲಿ ಮೈಕ್ ಇಲ್ಲ. ಗ್ಯಾಸ್ ಬತ್ತಿಯ ಬೆಳಕಿನಲ್ಲಿ ನಾಟಕ. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತ ಒಂದಾಣೆಯ ಪ್ರೇಕ್ಷಕನಿಗೂ ಪದ ಪದವೂ ಕೇಳಬೇಕು. ಎತ್ತರದ ಶ್ರುತಿಯಲ್ಲಿ ಎದೆಯಿಂದ ದನಿ ತೆಗೆದು ಹಾಡಬೇಕು, ಆದರೆ ಮಾತು ಒಡೆಯಬಾರದು. ಜನಕ್ಕೆ ಮೆಚ್ಚಿಗೆಯಾದರೆ ‘ಒನ್ಸ್ ಮೋರ್’ ಕೂಗುತ್ತಾರೆ, ಅದೇ ಹಾಡನ್ನು ಎರಡು ಸಲ, ಮೂರು ಸಲ ಹೇಳಬೇಕು. ಕಥೆ ಅಲ್ಲಿಯೇ ನಿಂತಿರುತ್ತದೆ. ಸಾಯುತ್ತ ಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಿ ಮತ್ತೆ ಸಾಯುವುದಿತ್ತು! ನಗು ಬರುತ್ತದೆ, ನಿಜ. ಆದರೆ ಆ ದುಡಿತ ಕೊರಳನ್ನು ಹದಗೊಳಿಸಿತು. ಅಮೀರ್‌ಬಾಯಿಯ ಹಳೆಯ ಧ್ವನಿಮುದ್ರಣ ಕೇಳಿದವರು ಗಮನಿಸಿರಬಹುದು: ಉಚ್ಚಾರ ಎಷ್ಟು ಸ್ವಚ್ಛ, ದನಿ ಎಷ್ಟು ಗಟ್ಟಿ. ಅದು ತಗಡಿನ ಥಿಯೇಟರಿನ ಕೊಡುಗೆ.

‘ಬಾಯಿ’ ಎಂಬ ಶಬ್ದ

ಆಗ ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುವ ರೂಢಿ. ಮರ್ಯಾದಸ್ಥರ ಮನೆಯ ಹೆಣ್ಣು ರಂಗದ ಮೇಲೆ ಬರುವುದೆಂದರೆ ಊರಿಗೆ ಊರೇ ಬೆರಳು ತೋರಿಸುತ್ತಿತ್ತು. ಬಂದ ಹೆಣ್ಣುಮಕ್ಕಳು ಹೆಚ್ಚಾಗಿ ವೃತ್ತಿಯಿಂದ ಹಾಡುವ, ಕುಣಿಯುವ ಮನೆತನದವರು. ಲಕ್ಷ್ಮೇಶ್ವರದ ಬಚ್ಚಾಸಾನಿಯಂತಹ ಗಟ್ಟಿಗಿತ್ತಿ ಹೆಂಗಸರದ್ದೇ ನಾಟಕ ಮಂಡಳಿ ಕಟ್ಟಿದ್ದರು. ಆದರೂ ಹೆಸರಿನ ಹಿಂದೆ ‘ಬಾಯಿ’, ‘ಜಾನ್’, ‘ಸಾನಿ’ ಸೇರಿದ ಕೂಡಲೇ ಸಮಾಜ ಅವರನ್ನು ಒಂದು ಗೆರೆಯ ಆಚೆ ನಿಲ್ಲಿಸುತ್ತಿತ್ತು. ಮರಾಠಿಯಲ್ಲಿ ‘ಬಾಯಿ’ ಎಂದರೆ ಗೌರವದ ಮಾತು, ಮೇಡಂ ಎಂಬಂತೆ. ಅದೇ ಶಬ್ದ ಹಾಡುವವಳ ಹೆಸರಿಗೆ ಅಂಟಿದರೆ ಅರ್ಥವೇ ಬೇರೆ. ಹಾಡು ಕೇಳಲು ರಾತ್ರಿಯಿಡೀ ಕೂರುವವರು ಬೆಳಗ್ಗೆ ಆಕೆಯ ಮನೆಯ ನೀರು ಕುಡಿಯಲು ಹಿಂಜರಿಯುವವರು. ಇದರಲ್ಲಿ ಹಿಂದೂ ಮುಸ್ಲಿಂ ಭೇದವೇನೂ ಇರಲಿಲ್ಲ.

ಧಾರವಾಡದ ಗಂಗೂಬಾಯಿ ಹಾನಗಲ್ (1913–2009) ತಮ್ಮ ಬಾಲ್ಯದ ಇಂತಹ ಅಪಮಾನಗಳನ್ನು ಮುಕ್ತವಾಗಿ ಹೇಳಿಕೊಂಡವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತ ಗೀತೆ ಹಾಡಿದ ಹುಡುಗಿ ಆಕೆ. ಹಾಡಿಗಿಂತ ಹೆಚ್ಚಾಗಿ ಊಟದ ಪಂಕ್ತಿಯಲ್ಲಿ ತಮ್ಮನ್ನು ಎಲ್ಲಿ ಕೂರಿಸುತ್ತಾರೋ ಎಂಬುದೇ ಅಂದು ತನಗೆ ಚಿಂತೆಯಾಗಿತ್ತೆಂದು ಅವರು ಹಿರಿವಯಸ್ಸಿನಲ್ಲಿ ನೆನೆದಿದ್ದರು. ಹನ್ನೊಂದು ವರ್ಷದ ಮಗುವಿನ ಮನಸ್ಸಿಗೆ ಅದು ಎಂತಹ ಭಾರ!

ಗೋಹರಳ ಗುರು

ಗೋಹರ ಮೊದಲು ಕನ್ನಡ ನಾಟಕಗಳಲ್ಲಿ ಹಾಡಿ ಹೆಸರಾದಳು. ಆಗ ಮರಾಠಿ ರಂಗಭೂಮಿಯ ದೊರೆಯೆಂದರೆ ಬಾಲಗಂಧರ್ವ. ನಿಜ ಹೆಸರು ನಾರಾಯಣ ಶ್ರೀಪಾದ ರಾಜಹಂಸ, ಹುಟ್ಟಿದ್ದು 1888ರಲ್ಲಿ. ಅವರು ರಂಗದ ಮೇಲೆ ಹೆಣ್ಣಾಗಿ ಬಂದರೆ, ಅವರು ಉಟ್ಟ ಸೀರೆಯನ್ನೂ ಮುಡಿದ ಹೂವನ್ನೂ ಮಹಾರಾಷ್ಟ್ರದ ಮನೆ ಮನೆಯ ಹೆಂಗಸರು ಅನುಕರಿಸುತ್ತಿದ್ದರು. ಅವರ ಹಾಡುಗಳ ಗ್ರಾಮಫೋನ್ ತಟ್ಟೆಗಳು ಬಿಜಾಪುರದವರೆಗೂ ಬರುತ್ತಿದ್ದವು. ಗೋಹರ ಆ ತಟ್ಟೆಗಳನ್ನು ಹಾಕಿ ಹಾಕಿ ಕೇಳಿ, ಅವರ ಹಾಡುವ ರೀತಿಯನ್ನು ಉಸಿರಿನ ತೂಕದವರೆಗೆ ಕೊರಳಿಗೆ ತಂದುಕೊಂಡಳು. ಕಣ್ಣು ಮುಚ್ಚಿ ಕೇಳಿದರೆ ಯಾರು ಗುರು, ಯಾರು ಶಿಷ್ಯೆ ಎಂದು ತಿಳಿಯದಷ್ಟು.

ಇದರಲ್ಲಿ ಒಂದು ವಿಚಿತ್ರವಿದೆ, ನನ್ನನ್ನು ಅದು ಬಹಳ ಕಾಡಿದೆ. ಹೆಣ್ಣು ರಂಗಕ್ಕೆ ಬರಬಾರದೆಂದು ಗಂಡೊಬ್ಬ ಹೆಣ್ಣಾಗಿ ಹಾಡಿದ. ಆ ಗಂಡಸಿನ ಹೆಣ್ಣು ದನಿಯನ್ನು ಕೇಳಿ ಒಬ್ಬ ನಿಜವಾದ ಹೆಣ್ಣು ಹಾಡಲು ಕಲಿತಳು. ಗುರುವನ್ನು ಕಾಣದೆ, ಪಾದ ಮುಟ್ಟದೆ, ಒಂದು ಯಂತ್ರದ ಬಾಯಿಂದ ವಿದ್ಯೆ ಪಡೆದಳು. ಇಂದು ನಮ್ಮ ಹುಡುಗಿಯರು ಮೊಬೈಲಿನಲ್ಲಿ ನೋಡಿ ತಜ್‌ವೀದ್ ಕಲಿಯುತ್ತಾರಲ್ಲ, ಸರಿ ಸುಮಾರು ಹಾಗೆಯೇ.

1930ರ ದಶಕದ ಕೊನೆಗೆ ಗಂಧರ್ವ ನಾಟಕ ಮಂಡಳಿ ಸಾಲದಲ್ಲಿ ಮುಳುಗಿತ್ತು. ಸಿನಿಮಾ ಬಂದು ನಾಟಕದ ಜನವನ್ನು ಸೆಳೆದಿತ್ತು, ಬಾಲಗಂಧರ್ವರಿಗೆ ವಯಸ್ಸಾಗಿತ್ತು. ಆಗ ಗೋಹರಬಾಯಿ ಆ ಕಂಪನಿ ಸೇರಿದರು. ಅವರು ಮಾಡುತ್ತಿದ್ದ ಹೆಣ್ಣು ಪಾತ್ರಗಳನ್ನು ಈಕೆ ಮಾಡತೊಡಗಿದರು. 1951ರಲ್ಲಿ ಇಬ್ಬರೂ ಮದುವೆಯಾದರು. ಮುಸ್ಲಿಂ ಹೆಣ್ಣು ತಮ್ಮ ಆರಾಧ್ಯ ನಟನನ್ನು ಕಸಿದುಕೊಂಡಳೆಂದು ಅನೇಕ ಅಭಿಮಾನಿಗಳು ಕಿಡಿ ಕಾರಿದರು. ನಮ್ಮ ಕಡೆಯವರೂ ಆ ಸಂಬಂಧವನ್ನು ಒಪ್ಪಲಿಲ್ಲ, ನಿಕಾಹ್‌ನ ನಿಯಮ ತಿಳಿದವರಿಗೆ ಕಾರಣ ಹೇಳಬೇಕಿಲ್ಲ. ಬಾಲಗಂಧರ್ವರ ಕಾಲುಗಳು ಸೋತು, ಹಣ, ಜನ ಎರಡೂ ದೂರವಾದ ವರ್ಷಗಳಲ್ಲಿ ಅವರ ಆರೈಕೆ ಮಾಡಿದ್ದು ಮಾತ್ರ ಈಕೆಯೇ. ಗೋಹರಬಾಯಿ 1964ರಲ್ಲಿ ತೀರಿಕೊಂಡರು, ಬಾಲಗಂಧರ್ವ 1967ರಲ್ಲಿ.

ತಂಗಿಯ ದಾರಿ

ಅಮೀರ ಹರೆಯದಲ್ಲೇ ಮುಂಬೈ ಕಂಡಳು. ಅಲ್ಲಿ ಆಕೆ ಹಾಡಿದ ಒಂದು ಕವ್ವಾಲಿಯನ್ನು ಎಚ್‌.ಎಂ.ವಿ. ಕಂಪನಿಯವರು ಮೆಚ್ಚಿ ತಟ್ಟೆ ಮಾಡಿದರೆಂದೂ, ಅದು ಜನಪ್ರಿಯವಾಯಿತೆಂದೂ ಹೇಳುತ್ತಾರೆ. ಅಕ್ಕನ ಪ್ರಯತ್ನದಿಂದ 1934ರಲ್ಲಿ ‘ವಿಷ್ಣು ಭಕ್ತಿ’ ಎಂಬ ಚಿತ್ರದಲ್ಲಿ ಅವಕಾಶ ಸಿಕ್ಕಿತು. ಆದರೆ ಸುಮಾರು ಎಂಟು ಒಂಬತ್ತು ವರ್ಷ ದೊಡ್ಡ ಯಶಸ್ಸೇನೂ ಇಲ್ಲ. ಈ ವರ್ಷಗಳನ್ನು ಬರೆಯುವವರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಪರಊರಿನಲ್ಲಿ, ಬಾಡಿಗೆ ಕೋಣೆಯಲ್ಲಿ, ಇಂದಲ್ಲ ನಾಳೆ ಕರೆ ಬಂದೀತೆಂದು ಕಾದ ಆ ದಿನಗಳು ಸುಲಭದವೇ?

ತಟ್ಟೆಗೆ ಹಾಡುವುದು ಬೇರೆಯೇ ವಿದ್ಯೆ. ರಂಗದ ಮೇಲೆ ಅರ್ಧ ಗಂಟೆ ಹಿಗ್ಗಿಸಬಹುದಾದ ಹಾಡನ್ನು ಮೂರು ಚಿಲ್ಲರೆ ನಿಮಿಷದಲ್ಲಿ ಮುಗಿಸಬೇಕು. ಎಪ್ಪತ್ತೆಂಟು ಸುತ್ತಿನ ಆ ಅರಗಿನ ತಟ್ಟೆಯ ಒಂದು ಬದಿಗೆ ಅದಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಮುಂದೆ ಜನರಿಲ್ಲ, ‘ಒನ್ಸ್ ಮೋರ್’ ಇಲ್ಲ, ಇರುವುದು ಒಂದು ಯಂತ್ರ. ಕೂಗಿ ಹಾಡಿದರೆ ಕೆಡುತ್ತದೆ. ರಂಗದ ಗಟ್ಟಿ ದನಿಯನ್ನು ಮೈಕಿಗೆ ಬೇಕಾದಷ್ಟೇ ಇಳಿಸಿಕೊಳ್ಳಲು ಅನೇಕ ನಾಟಕದ ಗಾಯಕರಿಗೆ ಆಗಲಿಲ್ಲ, ಅವರು ಹಿಂದೆ ಬಿದ್ದರು. ಅಮೀರ್‌ಬಾಯಿ ಕಲಿತರು. ಮುಂಬೈಯವರು ಆಕೆಯ ಹೆಸರಿಗೆ ‘ಕರ್ನಾಟಕಿ’ ಎಂದು ಸೇರಿಸಿದರು. ಕರ್ನಾಟಕ ಎಂಬ ರಾಜ್ಯವೇ ಆಗ ಇರಲಿಲ್ಲ, ನಾಡಿಗೆ ಆ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಹಲವು ದಶಕ ಮೊದಲೇ ಎರಡು ಮುಸ್ಲಿಂ ಹೆಣ್ಣುಮಕ್ಕಳು ಅದನ್ನು ತಮ್ಮ ಹೆಸರಿನ ಜೊತೆ ದೇಶದ ತುಂಬ ಒಯ್ದಿದ್ದರು!

1940ರ ‘ನರಸಿ ಭಗತ್’ ಚಿತ್ರದಲ್ಲಿ ಅವರು ಹಾಡಿದ ನರಸಿ ಮೆಹ್ತಾರ ಭಜನೆ ಗಾಂಧೀಜಿಯವರಿಗೆ ಪ್ರಿಯವಾದುದು. 1943ರಲ್ಲಿ ‘ಕಿಸ್ಮತ್’ ಬಂತು. ಅನಿಲ್ ಬಿಸ್ವಾಸ್ ಅದರ ಸಂಗೀತಗಾರರು. ಕೋಲ್ಕತ್ತಾದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿದ ಆ ಚಿತ್ರದಿಂದ ಅಮೀರ್‌ಬಾಯಿಯ ದನಿ ಮನೆ ಮಾತಾಯಿತು. ಮರುವರ್ಷದ ‘ರತನ್’ ಚಿತ್ರದಲ್ಲೂ ಹಾಡಿದರು. 1948ರ ‘ಶಹನಾಝ್’ ಚಿತ್ರಕ್ಕೆ ಅವರೇ ಸಂಗೀತ ಸಂಯೋಜನೆ ಮಾಡಿದರು. ಹಾಡುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದರು, ಸ್ವರ ಜೋಡಿಸುವ ಹೆಣ್ಣು ಆಗ ಬಹಳ ಅಪರೂಪ. ಅವರ ಸಾಧನೆಗಳಲ್ಲಿ ಇದನ್ನೇ ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಕನ್ನಡ, ಮರಾಠಿ, ಗುಜರಾತಿ ಭಾಷೆಗಳಲ್ಲೂ ಹಾಡಿದರು.

ಸಂಪಾದನೆ ಯಾರದ್ದು?

ಇಷ್ಟು ಹೊತ್ತಿಗೆ ಅವರ ಮದುವೆಯಾಗಿತ್ತು. ಗಂಡ ಅಫ್ಝಲ್ ಖುರೇಶಿ, ಸಿನಿಮಾದಲ್ಲಿ ಖಳನ ಪಾತ್ರ ಮಾಡುವ ‘ಹಿಮಾಲಯವಾಲಾ’. ಆ ದಾಂಪತ್ಯ ಹೊಡೆತ ಬಡಿತದ್ದಾಗಿತ್ತು. ಹೆಂಡತಿಯ ದುಡಿಮೆಯ ಹಣ ಗಂಡನ ಕೈಗೆ. ಬಿಡುಗಡೆಗಾಗಿ ಅವರು ವಕೀಲರ ನೆರವು ಪಡೆಯಬೇಕಾಯಿತು. ಹಣವನ್ನೂ ಕಾರನ್ನೂ ಒಪ್ಪಿಸಿ ವಿಚ್ಛೇದನ ಪಡೆದರೆಂದು ಹೇಳುತ್ತಾರೆ. ದೇಶ ಒಡೆದಾಗ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋದರು. ಮುಂದೆ ಅಮೀರ್‌ಬಾಯಿ ಪತ್ರಕರ್ತ ಬದರಿ ಕಾಂಚವಾಲಾ ಅವರನ್ನು ಮದುವೆಯಾಗಿ ನೆಮ್ಮದಿ ಕಂಡರು.

ಸಹೋದರಿಯರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಗಂಡಸು ಗಳಿಸಿದ್ದರಲ್ಲಿ ಗಂಡಸಿಗೆ ಪಾಲು, ಹೆಣ್ಣು ಗಳಿಸಿದ್ದರಲ್ಲಿ ಹೆಣ್ಣಿಗೆ ಪಾಲು ಎಂಬ ತತ್ವವನ್ನು ಕುರ್‌ಆನಿನ ಅನ್ನಿಸಾ ಅಧ್ಯಾಯ ಸ್ಪಷ್ಟಪಡಿಸಿದೆ. ಮಹ್ರ್ ಆಕೆಯದು, ತವರಿನ ಪಾಲು ಆಕೆಯದು, ದುಡಿಮೆ ಆಕೆಯದು. ಗಂಡನೊಂದಿಗೆ ಬಾಳಲು ಸಾಧ್ಯವಿಲ್ಲವೆಂದು ಸಾಬಿತ್ ಬಿನ್ ಕೈಸ್‌ರ(ರ) ಪತ್ನಿ ಬಂದು ಹೇಳಿದಾಗ, ಮಹ್ರ್ ಆಗಿ ಪಡೆದ ತೋಟವನ್ನು ಮರಳಿಸಿ ಬೇರೆಯಾಗಲು ಪ್ರವಾದಿ(ಸ) ಅವಕಾಶ ಮಾಡಿಕೊಟ್ಟರು. ಆಕೆಯನ್ನು ಗದರಲಿಲ್ಲ, ಸಹಿಸಿಕೊಂಡು ಬಿದ್ದಿರು ಎನ್ನಲಿಲ್ಲ. ಇದು ಖುಲಾ.

ಆದರೆ ನಮ್ಮ ದೇಶದಲ್ಲಿ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಫಿಕ್‌ಹ್‌ನಲ್ಲಿ ಗಂಡ ಒಪ್ಪದಿದ್ದರೆ ಹೆಣ್ಣಿಗೆ ದಾರಿ ಬಹಳ ಕಿರಿದಾಗಿತ್ತು. ಬೇಸತ್ತ ಹೆಣ್ಣುಮಕ್ಕಳು ಬಿಡುಗಡೆಗಾಗಿ ಧರ್ಮವನ್ನೇ ಬಿಡುವ ಪ್ರಕರಣಗಳು ಪಂಜಾಬಿನಲ್ಲಿ ನಡೆದಾಗ ಉಲಮಾಗಳು ಬೆಚ್ಚಿದರು. ಮೌಲಾನಾ ಅಶ್ರಫ್ ಅಲಿ ಥಾನವಿಯವರು ‘ಅಲ್‌ಹೀಲತುನ್ನಾಜಿಝಾ’ ಎಂಬ ಗ್ರಂಥ ಬರೆದು, ಈ ವಿಷಯದಲ್ಲಿ ಮಾಲಿಕೀ ಅಭಿಪ್ರಾಯವನ್ನು ಸ್ವೀಕರಿಸಬಹುದೆಂದರು. ಅದರ ಬೆನ್ನಲ್ಲೇ 1939ರಲ್ಲಿ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ ಬಂತು. ಗಂಡನ ಕ್ರೌರ್ಯವನ್ನು ಆ ಕಾಯ್ದೆ ವಿವರಿಸುವಾಗ ಹೊಡೆತದ ಜೊತೆಗೆ, ಹೆಂಡತಿಯ ಆಸ್ತಿಯನ್ನು ವಿಲೇವಾರಿ ಮಾಡುವುದು, ಅದರ ಮೇಲಿನ ಆಕೆಯ ಹಕ್ಕನ್ನು ತಡೆಯುವುದನ್ನೂ ಸೇರಿಸಿದೆ. ಎರಡು ವರ್ಷ ಜೀವನಾಂಶ ಕೊಡದಿದ್ದರೂ, ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೂ ಹೆಣ್ಣು ಕೋರ್ಟಿಗೆ ಹೋಗಬಹುದು. ಆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ನಮ್ಮ ತಾಲೂಕುಗಳಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ, ಎಷ್ಟು ಮಂದಿ ತಂದೆಯರಿಗೆ ಇದು ಗೊತ್ತು?

ಹಾಡಬಹುದೇ?

ಇಂತಹ ಲೇಖನ ಓದುವಾಗ ಅನೇಕರ ಮನಸ್ಸಿನಲ್ಲಿ ಏಳುವ ಪ್ರಶ್ನೆ ನನಗೆ ಗೊತ್ತು. ಇದೇ ಪ್ರಶ್ನೆಯನ್ನು ಶಾಲೆಯಲ್ಲಿ ‘ಪ್ರತಿಭಾ ಕಾರಂಜಿ’ ಬಂದಾಗಲೆಲ್ಲ ತಾಯಂದಿರು ಕೇಳುತ್ತಾರೆ. ಅದರಲ್ಲಿ ಅರೇಬಿಕ್ ಧಾರ್ಮಿಕ ಪಠಣವಿದೆ, ಭಾವಗೀತೆಯಿದೆ, ಜಾನಪದ ಗೀತೆಯಿದೆ, ಕವ್ವಾಲಿಯೂ ಇದೆ. ‘ಟೀಚರ್, ನಮ್ಮ ಹುಡುಗಿಯ ಗಂಟಲು ಛಲೋ ಐತಿ, ಆದ್ರ ಅವರ ಅಪ್ಪ ಬ್ಯಾಡ ಅಂತಾರ’ ಎನ್ನುತ್ತಾರೆ.

ಫತ್ವಾ ಕೊಡುವುದು ನನ್ನ ಕೆಲಸವಲ್ಲ. ವಾದ್ಯ, ಪರಪುರುಷರ ಮುಂದೆ ಹಾಡುವುದು ಇವುಗಳ ಬಗ್ಗೆ ಉಲಮಾಗಳ ಬಹುಮತ ಏನೆಂಬುದು ಎಲ್ಲರಿಗೂ ತಿಳಿದದ್ದೇ, ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ಹಾಡು ಕೇಳುವುದರ ಕುರಿತು ಮಾಡಿದ ಸೂಕ್ಷ್ಮ ಚರ್ಚೆಯೂ ಇದೆ. ನನಗೆ ಸದಾ ನೆನಪಾಗುವುದು ಬುಖಾರಿಯ ಎರಡು ಪ್ರಸಂಗಗಳು. ಈದ್ ದಿನ ಹಝ್ರತ್ ಆಯಿಶಾರ(ರ) ಕೋಣೆಯಲ್ಲಿ ಇಬ್ಬರು ಹುಡುಗಿಯರು ಹಳೆಯ ಬುಆಸ್ ಯುದ್ಧದ ಹಾಡು ಹೇಳುತ್ತಿದ್ದರು. ಹಝ್ರತ್ ಅಬೂಬಕ್ಕರ್(ರ) ಬಂದು ಗದರಿದಾಗ, ಬಿಟ್ಟುಬಿಡಿ, ಇದು ನಮ್ಮ ಈದ್ ಎಂಬ ಅರ್ಥದಲ್ಲಿ ಪ್ರವಾದಿ(ಸ) ಹೇಳಿದರು. ಇನ್ನೊಂದು, ರುಬಯ್ಯಿಅ್‌ರ(ರ) ಮದುವೆಯಲ್ಲಿ ಹುಡುಗಿಯರು ದಫ್ ಬಾರಿಸಿ ಬದ್ರ್‌ನ ಹುತಾತ್ಮರನ್ನು ನೆನೆದು ಹಾಡುತ್ತಿದ್ದ ಪ್ರಸಂಗ. ನಡುವೆ ಒಬ್ಬಳು, ನಾಳೆಯದನ್ನು ಬಲ್ಲ ಪ್ರವಾದಿ ನಮ್ಮ ನಡುವೆ ಇದ್ದಾರೆಂದು ಸೇರಿಸಿದಳು. ಪ್ರವಾದಿಯವರು(ಸ) ಆ ಮಾತನ್ನು ಬಿಡು, ಮೊದಲು ಹೇಳುತ್ತಿದ್ದುದನ್ನೇ ಹೇಳು ಎಂದರು. ಹಾಡನ್ನು ನಿಲ್ಲಿಸಲಿಲ್ಲ, ಹಾಡಿನಲ್ಲಿದ್ದ ತಪ್ಪು ಮಾತನ್ನು ತಿದ್ದಿದರು. ಟೀಚರ್ ಆದವರಿಗೆ ಇದರಲ್ಲಿ ದೊಡ್ಡ ಪಾಠವಿದೆ ಎಂದು ನನಗನಿಸುತ್ತದೆ.

ಲಾಹೋರಿನ ಶಂಶಾದ್ ಬೇಗಂ (1919–2013) ಅಮೀರ್‌ಬಾಯಿಯ ಸಮಕಾಲೀನರು. ಹುಡುಗಿಯಾಗಿದ್ದಾಗ ಹಾಡಲು ತಂದೆ ಒಪ್ಪಿದ್ದು ಎರಡು ಷರತ್ತಿನ ಮೇಲೆ: ಬುರ್ಖಾ ತೊಟ್ಟು ಹೋಗಬೇಕು, ಫೋಟೋ ತೆಗೆಸಿಕೊಳ್ಳಬಾರದು. ದೇಶವೆಲ್ಲ ಅವರ ದನಿ ಕೇಳಿತು, ಮುಖ ಹೇಗಿದೆಯೆಂದು ದಶಕಗಳವರೆಗೆ ಜನಕ್ಕೆ ಗೊತ್ತಿರಲಿಲ್ಲ. ಆ ತಂದೆಯ ಷರತ್ತು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಮಗಳ ಬೆನ್ನ ಹಿಂದೆ ಒಬ್ಬ ತಂದೆ ನಿಂತಿದ್ದ ಎಂಬುದನ್ನು ನಾನು ಗಮನಿಸುತ್ತೇನೆ. ಬೀಳಗಿಯ ಹುಡುಗಿಯರಿಗೆ ಮುಂಬೈಯಲ್ಲಿ ಒಬ್ಬರಿಗೊಬ್ಬರು ಬಿಟ್ಟರೆ ಹಾಗೆ ನಿಲ್ಲುವವರು ಯಾರಿದ್ದರು?

ಕಂಪನಿಯ ಕೊನೆಯ ಕೊಂಡಿ

ನಮ್ಮ ನಾಲ್ಕು ತಾಲೂಕುಗಳಲ್ಲಿ ಕಂಪನಿ ನಾಟಕದ ನಂಟು ಅಲ್ಲಿಗೇ ಮುಗಿಯಲಿಲ್ಲ. ಸಿಂದಗಿ ತಾಲೂಕಿನ ಚಿಕ್ಕಸಿಂದಗಿಯ ರಾಜೇಸಾಬ ಎಂಬ ಹುಡುಗ ಬಾಲ್ಯದಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಶಾಲೆ ಬಿಟ್ಟು, ಸಿಕ್ಕ ಕೆಲಸ ಮಾಡುತ್ತ ಬೆಳೆದ. ಅವನ ತಂದೆ ತಾಯಿಯೂ ನಾಟಕದವರೇ. ಆಗ ಮುದ್ದೇಬಿಹಾಳ ತಾಲೂಕಿನಲ್ಲಿದ್ದ ತಾಳಿಕೋಟೆಯ ಖಾಸ್ಗತೇಶ್ವರ ನಾಟ್ಯ ಸಂಘ ಅವನ ಮನೆಯಾಯಿತು. ಮುಂದೆ ‘ರಾಜು ತಾಳಿಕೋಟೆ’ ಎಂದು ಇಡೀ ಕರ್ನಾಟಕ ಕರೆಯಿತು. ‘ಕಲಿಯುಗದ ಕುಡುಕ’ ನಾಟಕದ ಕ್ಯಾಸೆಟ್ ನಮ್ಮ ಕಡೆ ಟ್ರ್ಯಾಕ್ಟರು, ಟಂಟಂಗಳಲ್ಲಿ ಕೇಳದ ದಿನವಿರಲಿಲ್ಲ. ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದಾಗಲೇ 2025ರ ಅಕ್ಟೋಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮಠದ ಹೆಸರಿನ ಕಂಪನಿ, ನಡೆಸುವವರು ಸಾಹೇಬರು, ನೋಡುವವರು ಎಲ್ಲರೂ. ಇದನ್ನು ವಿಶೇಷವೆಂದು ಯಾರೂ ಎತ್ತಿ ಹೇಳುತ್ತಿರಲಿಲ್ಲ. ಈಗ ಹೇಳಬೇಕಾಗಿದೆ.

ಅಮೀರ್‌ಬಾಯಿಯ ಕಥೆಯಲ್ಲಿ ಇನ್ನು ಹೇಳಲು ಉಳಿದದ್ದು ಸ್ವಲ್ಪವೇ. 1940ರ ದಶಕದ ಕೊನೆಗೆ ಲತಾ ಮಂಗೇಶ್ಕರರ ತೆಳುವಾದ ಹೊಸ ದನಿ ಬಂತು, ರಂಗಭೂಮಿಯ ಗಟ್ಟಿ ದನಿಗಳಿಗೆ ಬೇಡಿಕೆ ಕುಗ್ಗಿತು. ಅಮೀರ್‌ಬಾಯಿ ಮತ್ತೆ ನಟನೆಗೆ ಮರಳಿ ತಾಯಿ, ಅತ್ತೆಯ ಸಣ್ಣ ಪಾತ್ರಗಳನ್ನು ಮಾಡಿದರು. ಬಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ತಲೆ ಎತ್ತಿತು. ಸಂತೆಗೆ ಬಂದ ನಮ್ಮ ಹಳ್ಳಿಗಳ ಜನ ಅಲ್ಲಿ ಸಿನಿಮಾ ನೋಡಿ ಊರಿಗೆ ಮರಳುತ್ತಿದ್ದರು. ಪಾರ್ಶ್ವವಾಯು ಬಡಿದು 1965ರ ಮಾರ್ಚ್ 3ರಂದು ಅವರು ಕೊನೆಯುಸಿರೆಳೆದರು. ಅಕ್ಕ ಹೋಗಿ ಆಗಿನ್ನೂ ಬಹಳ ದಿನವಾಗಿರಲಿಲ್ಲ. ತಂಗಿಯ ದಫನ್ ನಡೆದದ್ದು ಬಿಜಾಪುರದ ಮಣ್ಣಿನಲ್ಲಿ.